ಕಾಡು ರೇಷ್ಮೆ ಅಂದ್ರೆ ಅಹಿಂಸೆ ಅಂತ ಯಾರು ಹೇಳಿದ್ದು?

ಅಲ್ಲಾ ಸ್ವಾಮಿ, ಸೀರೆ ಪ್ರದರ್ಶನಗಳಲ್ಲಿ 'ವೈಲ್ಡ್ ಸಿಲ್ಕ್ - ಅಹಿಂಸಾ ರೇಷ್ಮೆ' ಅಂತ ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದು ನೇತುಹಾಕ್ತಾರಲ್ಲ, ಬರೆದವರು ಯಾವತ್ತಾದ್ರೂ ಒಂದು ಗೂಡನ್ನ ಕೈಯಲ್ಲಿ ಹಿಡಿದು ನೋಡಿದಾರಾ? ನಮ್ಮ ಆಫೀಸಿನಲ್ಲೂ ಇದೇ ವಾದ. ಸಾಕಿದ ಹುಳದ ರೇಷ್ಮೆ ಪಾಪ, ಕಾಡಿನದು ಪುಣ್ಯ! ರಾಮನಗರದ ಕಡೆ ಹುಳ ಸಾಕೋ ನೆಂಟರಿರೋ ನನಗೆ ಇದನ್ನ ಕೇಳಿದ್ರೆ ಮೈ ಉರಿಯುತ್ತೆ.

ಮೊದಲು ಎರಿ ರೇಷ್ಮೆ. ಹೆಸರಿಗೆ 'ಕಾಡು', ಆದ್ರೆ ಅಸ್ಸಾಮಿನ ಮನೆಗಳೊಳಗೆ ಹರಳು ಗಿಡದ ಎಲೆ ತಿಂದು ಬೆಳೆಯೋ ಪಕ್ಕಾ ಸಾಕುಹುಳ ಅದು. ಗೂಡಿನ ಒಂದು ತುದಿ ತೆರೆದೇ ಇರುತ್ತೆ, ಪತಂಗ ಹಾಗೇ ಹೊರಗೆ ಬರಬಹುದು, ನಿಜ. ಆದ್ರೆ ಬರೋಕೆ ಬಿಡಬೇಕಲ್ಲ? ಅಲ್ಲಿ ಎರಿ ಪ್ಯೂಪಾ ಅಂದ್ರೆ ಬಾಯಲ್ಲಿ ನೀರೂರಿಸೋ ತಿನಿಸು. (ತಪ್ಪೇನಿಲ್ಲ ಬಿಡಿ, ಅವರ ಊಟ ಅವರಿಷ್ಟ. ಬೋರ್ಡು ಮಾತ್ರ ಸುಳ್ಳು.)

ನಿಜವಾದ ಕಾಡುಗೂಡು ಬೇಕಾ? ಬಸ್ತರಿನ ಸಾಲ್ ಮರಗಳ ಮೇಲಿನ ರೈಲಿ ಟಸರ್ ನೋಡಿ. ಗೂಡಿಗೊಂದು ಗಟ್ಟಿ ತೊಟ್ಟು, ತೊಟ್ಟಿನ ತುದಿಯ ಉಂಗುರ ರೆಂಬೆಯನ್ನ ಬಿಗಿಯಾಗಿ ಸುತ್ತಿಕೊಂಡಿರುತ್ತೆ. ಎಲೆ ಉದುರಿದ್ರೂ ಗೂಡು ಬೀಳಲ್ಲ. ಗೋಡೆಯಂತೂ ಕಲ್ಲಿನ ಹಾಗೆ. ಒಳಗಿನ ಪ್ಯೂಪಾ ಬಯಲಲ್ಲಿ ತಿಂಗಳುಗಟ್ಟಲೆ ಮಲಗಿರಬೇಕಲ್ಲ... ನಮ್ಮ ಚಂದ್ರಿಕೆಯಲ್ಲಿ ಕಟ್ಟೋ ಗೂಡಿಗೆ ಈ ತಲೆನೋವಿಲ್ಲ. ತೊಟ್ಟಿಲ್ಲ, ಗೋಡೆ ತೆಳು, ಬಿಸಿನೀರಲ್ಲಿ ಬೇಯಿಸಿದ್ರೆ ಎಳೆ ಸಿಗುತ್ತೆ. ಒಳ್ಳೆ ದ್ವಿತಳಿ ಗೂಡಾದ್ರೆ 1000 ಮೀಟರಿನ ಆಸುಪಾಸು. ಸುಮಾರು 5000 ವರ್ಷ ಮನುಷ್ಯ ಆರಿಸಿ ಆರಿಸಿ ಬೆಳೆಸಿದ್ದು ಇದು. ಪತಂಗಕ್ಕೆ ಹಾರೋಕೂ ಬರಲ್ಲ.

ಈಗ ಹಿಂಸೆಯ ಲೆಕ್ಕ. ಟಸರ್ ಗೂಡಿಂದ ಉದ್ದ ಎಳೆ ಬೇಕಂದ್ರೆ ಅಲ್ಲೂ ಪ್ಯೂಪಾ ಸಾಯಲೇಬೇಕು, ಅದೂ ಸೋಡಾ ಹಾಕಿ ಬೇಯಿಸಬೇಕು, ಅಷ್ಟು ಗಟ್ಟಿ. ನಮ್ಮ ರೈತರಿಗಾದ್ರೆ ಬಿತ್ತನೆ ಗೂಡು ಬೇರೆ, ಮುಂದಿನ ಬೆಳೆಯ ಮೊಟ್ಟೆಗೆ ತೊಂದರೆಯಿಲ್ಲ. ರೈಲಿ ಕಾಡಲ್ಲಿ ಆರಿಸಿ ತರೋ ಸರಕು. ಸಿಕ್ಕಿದ್ದನ್ನೆಲ್ಲ ತಂದ್ರೆ ಮರದ ಮೇಲೆ ಮೊಟ್ಟೆ ಇಡೋಕೆ ಯಾರು ಉಳೀತಾರೆ? ಗೂಡುಗಳನ್ನ ವಾಪಸ್ ಕಾಡಿಗೆ ಒಯ್ದು, ಪತಂಗ ಬರಿಸಿ, ಮೊಟ್ಟೆ ಇಡಿಸೋ ಕ್ಯಾಂಪುಗಳನ್ನ ಬಸ್ತರಿನಲ್ಲಿ ನಡೆಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ರೇಷ್ಮೆಯೇ ಬೇಡ ಅನ್ನಿ, ಕೈಮುಗಿದು ಒಪ್ತೀನಿ. ಉಡ್ತೀವಿ ಅಂದ್ರೆ ಅಂಗಡಿಯವನನ್ನ ಕೇಳಿ: ಯಾವ ಹುಳ, ತಿಂದಿದ್ದು ಯಾವ ಎಲೆ, ಒಳಗಿದ್ದ ಪ್ಯೂಪಾ ಏನಾಯ್ತು? ನಾನು ಮೂರು ಮಳಿಗೆಯಲ್ಲಿ ಕೇಳಿದೆ. "ಹ್ಯಾಂಡ್‌ಲೂಮ್ ಸಾರ್, ಕಲರ್ ಹೋಗಲ್ಲ" ಅಂದ್ರು :)