ಬಚ್ಚಲುಮನೆಯ ಬಾಯ್ಲರ್: ದುರಸ್ತಿ ಯಾರ ಹೊಣೆ?

ನರಕ ಚತುರ್ದಶಿಯ ಹಿಂದಿನ ಸಂಜೆಯನ್ನು ನಮ್ಮಲ್ಲಿ ನೀರು ತುಂಬುವ ಹಬ್ಬ ಎನ್ನುತ್ತಾರೆ. ಅಂದು ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಲೆಯ ಬೂದಿ ತೆಗೆದು, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬುವುದು ವಾಡಿಕೆ. ಪೂಜೆಯ ಹೆಸರಿನಲ್ಲಿ ನಡೆಯುತ್ತಿದ್ದ ಈ ಕೆಲಸ ವಾಸ್ತವದಲ್ಲಿ ಮನೆಯ ನೀರು ಕಾಯಿಸುವ ವ್ಯವಸ್ಥೆಯ ವಾರ್ಷಿಕ ತಪಾಸಣೆಯೇ ಆಗಿತ್ತು. ಹಂಡೆ ಎಲ್ಲಿ ಸೋರುತ್ತಿದೆ, ಒಲೆಯ ಬಾಯಿ ಎಲ್ಲಿ ಬಿರಿದಿದೆ ಎಂಬುದು ಮನೆಯವರ ಕಣ್ಣಿಗೆ ವರ್ಷಕ್ಕೊಮ್ಮೆಯಾದರೂ ಬೀಳುತ್ತಿತ್ತು.

ಹಂಡೆ ಹೋಗಿ ತಾಮ್ರದ ಬಾಯ್ಲರ್ ಬಂದಿತು. ಬಾಯ್ಲರ್ ಹೋಗಿ ಗೀಸರ್ ಬಂದಿತು. ಹಬ್ಬ ಉಳಿದಿದೆ, ತಪಾಸಣೆ ಉಳಿದಿಲ್ಲ. ಗೋಡೆಯ ಮೇಲೆ ಹತ್ತು-ಹದಿನೈದು ವರ್ಷಗಳಿಂದ ತೂಗುತ್ತಿರುವ ಗೀಸರಿನ ಹೊದಿಕೆಯನ್ನು ಒಮ್ಮೆಯೂ ಬಿಚ್ಚಿ ನೋಡದ ಮನೆಗಳು ನಮ್ಮ ನಗರಗಳಲ್ಲಿ ಅಸಂಖ್ಯಾತ. ನೀರು ಕಾಯುವುದು ನಿಂತಾಗ ಮಾತ್ರ ಮೆಕ್ಯಾನಿಕ್ಕನಿಗೆ ಕರೆ ಹೋಗುತ್ತದೆ. ಚಳಿಗಾಲ ಬಂತೆಂದರೆ ಸ್ನಾನದ ಮನೆಯಲ್ಲಿ ಉಸಿರುಗಟ್ಟಿ ಸಾವು, ಗೀಸರಿನಿಂದ ವಿದ್ಯುತ್ ಸ್ಪರ್ಶ ಎಂಬ ಸುದ್ದಿಗಳು ರಾಜ್ಯದ ಒಂದಲ್ಲ ಒಂದು ಊರಿನಿಂದ ಬರುತ್ತಲೇ ಇರುತ್ತವೆ. ಅವನ್ನು ಆಕಸ್ಮಿಕವೆಂದು ಕರೆದು ಮುಂದೆ ಸಾಗುತ್ತೇವೆ. ಆದರೆ ಇವುಗಳಲ್ಲಿ ಬಹುಪಾಲು ಆಕಸ್ಮಿಕಗಳಲ್ಲ; ಆಗಬೇಕಾದ ದುರಸ್ತಿ ಆಗದೇ ಉಳಿದುದರ ಫಲ.

ಮನೆ ಹಳೆಯದು, ಯಂತ್ರ ಹೊಸದು

ಸಮಸ್ಯೆಯ ಮೂಲ ಯಂತ್ರಕ್ಕಿಂತ ಹೆಚ್ಚಾಗಿ ಮನೆಯಲ್ಲಿದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಅಗ್ರಹಾರಗಳು, ಧಾರವಾಡದ ಹಳೆಯ ಓಣಿಗಳು, ಮಂಗಳೂರಿನ ಹೆಂಚಿನ ಮನೆಗಳು - ಇವೆಲ್ಲ ಸೌದೆ ಒಲೆಯ ಬಚ್ಚಲನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಬಚ್ಚಲುಮನೆ ಹಿತ್ತಿಲಿನ ಕಡೆಗಿರುತ್ತಿತ್ತು. ಹೊಗೆ ಹೋಗಲು ಹೆಂಚಿನ ಸಂದು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರುತ್ತಿದ್ದವು. ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸುವ ಬಚ್ಚಲುಗಳು ಇಂದಿಗೂ ಹಾಗೆಯೇ ಇವೆ.

ನಗರದ ಮನೆಗಳು ನವೀಕರಣಗೊಂಡಾಗ ಮೊದಲು ಮುಚ್ಚಿಹೋದದ್ದು ಈ ಗವಾಕ್ಷಿಗಳು. ಕೋಣೆಗೆ ಅಂಟಿಕೊಂಡ ಪುಟ್ಟ ಸ್ನಾನಗೃಹ, ನೆಲದಿಂದ ಸೂರಿನವರೆಗೆ ಟೈಲ್ಸ್, ಬಿಗಿಯಾಗಿ ಮುಚ್ಚುವ ಕಿಟಕಿ, ಸೊಳ್ಳೆ ಬಾರದಂತೆ ಬಡಿದ ಪ್ಲಾಸ್ಟಿಕ್ ಹಾಳೆ - ಇವು ಬಂದವು. ಗೋಡೆಯೊಳಗಿನ ತಂತಿ ಮಾತ್ರ ಬಲ್ಬು ಮತ್ತು ಫ್ಯಾನಿನ ಕಾಲದ್ದೇ ಉಳಿಯಿತು. ಎರಡು ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್, ಮೂರು ಕಿಲೋವ್ಯಾಟಿನದು 13 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಇದಕ್ಕೆ 16 ಆಂಪಿಯರ್ ಸಾಕೆಟ್ ಮತ್ತು ಅದಕ್ಕೆ ತಕ್ಕ ದಪ್ಪದ ಪ್ರತ್ಯೇಕ ತಂತಿ ಬೇಕು. ಐದು ಆಂಪಿಯರ್ ಸಾಕೆಟ್ಟಿಗೆ ಎಳೆದ ಹಳೆಯ ಅಲ್ಯೂಮಿನಿಯಂ ತಂತಿಗೆ ಇದನ್ನು ಜೋಡಿಸಿದರೆ ಗೋಡೆಯೊಳಗೆ ಪ್ರತಿದಿನ ಬಿಸಿಯೇರುವುದು ನೀರಷ್ಟೇ ಅಲ್ಲ.

ಗಡಸು ನೀರಿನ ಪಾತ್ರ

ಬೆಂಗಳೂರಿನ ಹೊರವಲಯ, ಕೋಲಾರ, ತುಮಕೂರು ಮುಂತಾದೆಡೆ ಗೀಸರ್ ಬೇಗ ಕೆಡುವುದಕ್ಕೆ ಕೊಳವೆ ಬಾವಿಯ ಗಡಸು ನೀರು ಮುಖ್ಯ ಕಾರಣ. ನೀರು ಕಾದಂತೆ ಅದರಲ್ಲಿನ ಸುಣ್ಣದ ಅಂಶ ಕಾಯಿಲಿನ ಮೇಲೆ ಬಿಳಿಯ ಹೆಕ್ಕಳಿಕೆಯಾಗಿ ಕೂರುತ್ತದೆ. ಪದರ ದಪ್ಪವಾದಂತೆ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ದಾಟದೆ, ಕಾಯಿಲೇ ಅತಿಯಾಗಿ ಕಾದು ಅದರ ಹೊರಕವಚ ಬಿರಿಯುತ್ತದೆ. ಆಗ ವಿದ್ಯುತ್ತು ನೀರಿಗೆ ಸೋರತೊಡಗುತ್ತದೆ.

ಇಲ್ಲಿಗೆ ಅಪಾಯ ಪೂರ್ಣವಾಗುವುದಿಲ್ಲ. ಮನೆಯ ಅರ್ತಿಂಗ್ ಸರಿಯಿದ್ದರೆ ಸೋರಿದ ವಿದ್ಯುತ್ತು ನೆಲ ಸೇರುತ್ತದೆ. 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದ್ದರೆ ಕ್ಷಣಾರ್ಧದಲ್ಲಿ ವಿದ್ಯುತ್ತು ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಇದ್ದಿಲು-ಉಪ್ಪು ಹಾಕಿ ಮಾಡಿದ ಅರ್ತಿಂಗ್ ಗುಂಡಿಗೆ ನೀರು ಹಾಕುವವರಿಲ್ಲದೆ ಒಣಗಿರುತ್ತದೆ. ಕೆಲವೆಡೆ ಅದರ ಮೇಲೆಯೇ ಕಾರು ನಿಲ್ಲಿಸುವ ಕಾಂಕ್ರೀಟ್ ಹಾಸಾಗಿದೆ. ಆರ್‌ಸಿಸಿಬಿ ಇರುವುದಿಲ್ಲ, ಅಥವಾ ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸಲಾಗಿರುತ್ತದೆ. ಪದೇ ಪದೇ ಬೀಳುವುದು ಅದರ ದೋಷವಲ್ಲ, ಅದು ಕೊಡುತ್ತಿರುವ ಎಚ್ಚರಿಕೆ ಎಂಬುದನ್ನು ಮನೆಯವರಿಗೆ ತಿಳಿಸಬೇಕಾದವನೇ ಬೈಪಾಸ್ ಮಾಡಿ ಹೋಗುತ್ತಾನೆ.

2024ರ ಬೇಸಗೆಯಲ್ಲಿ ಬೆಂಗಳೂರು ನೀರಿನ ಅಭಾವಕ್ಕೆ ಸಿಲುಕಿ ಟ್ಯಾಂಕರ್‌ಗಳನ್ನು ಅವಲಂಬಿಸಿದಾಗ ಕಾವೇರಿ ನೀರಿಗೆ ಒಗ್ಗಿದ್ದ ಅನೇಕ ಮನೆಗಳ ತೊಟ್ಟಿಗೂ ಕೊಳವೆ ಬಾವಿಯ ನೀರು ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡಿತು. ಆದರೆ ನೀರು ಬದಲಾದ ಮಾತ್ರಕ್ಕೆ ವರ್ಷಗಳಿಂದ ಒಳಗೆ ಕೂತ ಹೆಕ್ಕಳಿಕೆ ಕರಗಿಹೋಗುವುದಿಲ್ಲ. ಅದನ್ನು ಬಿಚ್ಚಿ ತೆಗೆಯಲೇಬೇಕು.

ಥರ್ಮೋಸ್ಟಾಟ್ ಇಲ್ಲದ ಹಳೆಯ ತಾಮ್ರದ ಬಾಯ್ಲರ್‌ಗಳ ಅಪಾಯ ಬೇರೆ ಬಗೆಯದು. ಅವುಗಳ ಮೇಲ್ಭಾಗದ ಗಾಳಿ ಕೊಳವೆಯೇ ಅವುಗಳ ರಕ್ಷಾಕವಾಟ. ನವೀಕರಣದ ವೇಳೆ ಆ ಕೊಳವೆಯನ್ನು ಕತ್ತರಿಸಿ ಮುಚ್ಚಿದರೆ, ಸ್ವಿಚ್ ಆರಿಸಲು ಮರೆತ ದಿನ ಆವಿಗೆ ದಾರಿಯೇ ಇರುವುದಿಲ್ಲ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ.

ವಾಸನೆಯಿಲ್ಲದ ವಿಷ

ವಿದ್ಯುತ್ ಕಡಿತದ ದಿನಗಳಲ್ಲಿ ಜನಪ್ರಿಯವಾದ ಗ್ಯಾಸ್ ಗೀಸರ್ ಹಳೆಯ ಮನೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆಯನ್ನು ಬೇಡುತ್ತದೆ. ಒಂದು ಕಿಲೋ ಅಡುಗೆ ಅನಿಲ ಪೂರ್ಣವಾಗಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಸ್ನಾನಗೃಹದಲ್ಲಿರುವ ಗಾಳಿಯೇ ಐದು ಘನ ಮೀಟರಿಗಿಂತ ಕಡಿಮೆ. ಬಾಗಿಲು-ಕಿಟಕಿ ಮುಚ್ಚಿದಾಗ ಆಮ್ಲಜನಕ ಕುಂದಿ, ಜ್ವಾಲೆ ಅರೆಬರೆ ಉರಿದು, ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ.

ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತು, ವಾಕರಿಕೆ ಕಾಣಿಸಿಕೊಂಡಾಗ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಸೆಳೆತ ಬರುವ 'ಬಿಸಿನೀರಿನ ಅಪಸ್ಮಾರ' ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬರುವ ಕಾಯಿಲೆ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು ಇದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಹೀಗಾಗಿ ಸ್ನಾನದ ಮನೆಯಲ್ಲಿ ಸೆಳೆತ ಬಂದು ಬಿದ್ದವರನ್ನು ಅಪಸ್ಮಾರದ ರೋಗಿಯೆಂದು ಭಾವಿಸಿ ಮಾತ್ರೆ ಕೊಟ್ಟು ಕಳುಹಿಸುವ ಸಾಧ್ಯತೆ ಇದೆ. ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೇ ಎಂಬ ಪ್ರಶ್ನೆಯನ್ನು ವೈದ್ಯರು ಕೇಳದೇ ಹೋದರೆ, ಮನೆಯವರು ಹೇಳದೇ ಹೋದರೆ, ರೋಗಿ ಮರಳುವುದು ಅದೇ ಸ್ನಾನಗೃಹಕ್ಕೆ.

ಗ್ಯಾಸ್ ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವೆಡೆಯಲ್ಲಿ ಅಳವಡಿಸಿ, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಗೆ ತರಬೇಕು. ಉರಿ ನೀಲಿಯಿಂದ ಹಳದಿಗೆ ತಿರುಗಿದರೆ ಬರ್ನರ್ ಕಟ್ಟಿಕೊಂಡಿದೆ ಎಂದರ್ಥ. ಅಂದೇ ಬಳಕೆ ನಿಲ್ಲಿಸಬೇಕು. ಕೊಳವೆ ಅನಿಲದ ಸಂಪರ್ಕ ಪಡೆಯುತ್ತಿರುವ ಬಡಾವಣೆಗಳವರು ಸಿಲಿಂಡರಿನ ಗೀಸರನ್ನು ಹಾಗೆಯೇ ಅದಕ್ಕೆ ಜೋಡಿಸುವಂತಿಲ್ಲ. ಎರಡರ ಒತ್ತಡವೂ ಶಾಖವೂ ಬೇರೆಯಾದ್ದರಿಂದ ಅದಕ್ಕೆಂದೇ ತಯಾರಾದ ಉಪಕರಣ ಬೇಕು.

ಕಾನೂನಿನ ಕಣ್ಣಿಗೆ ಬೀಳದ ಬಾಯ್ಲರ್

ಇಷ್ಟೆಲ್ಲ ಅಪಾಯವಿರುವ ಉಪಕರಣವನ್ನು ಪರೀಕ್ಷಿಸುವ ಅಧಿಕಾರ ಯಾರಿಗಿದೆ? ನೂರು ವರ್ಷಗಳಷ್ಟು ಹಳೆಯದಾದ 1923ರ ಬಾಯ್ಲರ್ ಕಾಯಿದೆಯ ಬದಲಿಗೆ ಸಂಸತ್ತು 2025ರಲ್ಲಿ ಹೊಸ ಬಾಯ್ಲರ್ ಕಾಯಿದೆಯನ್ನು ಅಂಗೀಕರಿಸಿತು. ಆದರೆ 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದ ಪಾತ್ರೆಗಳೂ, ನೀರನ್ನು 100 ಡಿಗ್ರಿಗಿಂತ ಕಡಿಮೆ ಕಾಯಿಸುವ ಪಾತ್ರೆಗಳೂ ಅದರ ವ್ಯಾಪ್ತಿಯಿಂದ ಹೊರಗೆ. ಕಾರ್ಖಾನೆಯ ಆವಿ ಬಾಯ್ಲರಿಗಾಗಿ ಮಾಡಿದ ಕಾನೂನು ಅದು. ಮನೆಯ ಗೀಸರ್ ಅದರೊಳಗೆ ಬರಬೇಕೆಂದು ವಾದಿಸುವುದೂ ಸರಿಯಲ್ಲ. ಐಎಸ್‌ಐ ಗುರುತು ಯಂತ್ರ ಕಾರ್ಖಾನೆಯಿಂದ ಹೊರಬಿದ್ದ ದಿನದ ಗುಣಮಟ್ಟಕ್ಕೆ ಸಾಕ್ಷಿ. ವಿದ್ಯುತ್ ಕಂಪನಿಯ ಹೊಣೆ ಮೀಟರಿನವರೆಗೆ. ಆ ಬಳಿಕದ್ದೆಲ್ಲ ಮನೆಯವರದು.

'ಮನೆಯವರು' ಎಂದರೆ ಯಾರು ಎಂಬುದೇ ಬಾಡಿಗೆ ಮನೆಗಳಲ್ಲಿ ವಿವಾದದ ವಿಷಯ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯ ಅನುಸೂಚಿಯಲ್ಲಿ ವಿದ್ಯುತ್ ವೈರಿಂಗ್ ಮಾಲೀಕರ ಹೊಣೆ, ಗೀಸರ್ ದುರಸ್ತಿ ಬಾಡಿಗೆದಾರರ ಹೊಣೆ ಎಂದಿದೆ. ಕಾಗದದ ಮೇಲೆ ಈ ಹಂಚಿಕೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಬಿರಿದ ಕಾಯಿಲು ಮತ್ತು ಒಣಗಿದ ಅರ್ತಿಂಗ್ ಸೇರಿದಾಗಲೇ ಪ್ರಾಣಾಪಾಯ. ಒಂದನ್ನು ಒಬ್ಬರೂ ಇನ್ನೊಂದನ್ನು ಇನ್ನೊಬ್ಬರೂ ನೋಡಿಕೊಳ್ಳಬೇಕೆಂದರೆ, ಎರಡನ್ನೂ ಒಟ್ಟಿಗೆ ಪರೀಕ್ಷಿಸುವವರು ಇಲ್ಲವಾಗುತ್ತಾರೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರ ಗೋಡೆ ಒಡೆದು ತಂತಿ ಬದಲಿಸುವುದಿಲ್ಲ. ಬೇರೆ ಊರಿನಲ್ಲಿರುವ ಮಾಲೀಕ ಗೀಸರಿನ ಬಗ್ಗೆ ಯೋಚಿಸುವುದಿಲ್ಲ.

ಉಚಿತ ಯೂನಿಟ್ಟಿನ ಲೆಕ್ಕ

2023ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆ ಈ ವಿಷಯಕ್ಕೆ ಹೊಸ ಆಯಾಮ ನೀಡಿದೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ವಿದ್ಯುತ್ ಬೇಕು. ನಾಲ್ಕು ಮಂದಿಯ ಸಂಸಾರ ದಿನಕ್ಕೆ ನಾಲ್ಕು ಬಾರಿ ಕಾಯಿಸಿದರೆ ತಿಂಗಳಿಗೆ ಎಪ್ಪತ್ತಕ್ಕೂ ಹೆಚ್ಚು ಯೂನಿಟ್. ಥರ್ಮೋಸ್ಟಾಟ್ ಕೆಟ್ಟು, ಉಷ್ಣನಿರೋಧಕ ಪದರ ಸವೆದಿದ್ದರೆ ಇದು ಇನ್ನೂ ಏರುತ್ತದೆ. ಬಿಲ್ ಶೂನ್ಯವಾಗಿರುವ ಮನೆಗಳಲ್ಲಿ ಈ ಏರಿಕೆ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಬಿಲ್ಲಿನ ಮೊತ್ತವೇ ದುರಸ್ತಿಯ ಅಗತ್ಯವನ್ನು ಸೂಚಿಸುತ್ತಿತ್ತು. ಈಗ ಆ ಸೂಚನೆ ಮಂಕಾಗಿದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ಣ ಬಿಲ್ ಕಟ್ಟಬೇಕಾದಾಗ ಮಾತ್ರ ಎಚ್ಚರವಾಗುತ್ತದೆ. ಇದು ಯೋಜನೆಯ ವಿರುದ್ಧದ ವಾದವಲ್ಲ. ಆದರೆ ಬಿಲ್ಲಿನಲ್ಲಿ ಮುದ್ರಿತವಾಗುವ ಯೂನಿಟ್ ಸಂಖ್ಯೆಯನ್ನು, ಹಣ ಕಟ್ಟುವುದಿಲ್ಲವಾದರೂ, ಗಮನಿಸುವುದು ಒಳ್ಳೆಯದು.

ಸೌರ ಹೀಟರ್‌ಗಳ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ಮಾದರಿಯೆನಿಸಿತ್ತು. ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿ ಅನೇಕರನ್ನು ಅತ್ತ ಸೆಳೆಯಿತು. ಆದರೆ ಛಾವಣಿಯ ಮೇಲೆ ಹೆಕ್ಕಳಿಕೆ ಕಟ್ಟಿ ನಿಂತ ಹೀಟರ್‌ಗಳೂ ಕಡಿಮೆಯಿಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಗರಿಷ್ಠ 78,000 ರೂಪಾಯಿ ಸಹಾಯಧನ ನೀಡುವುದು ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ. ನೀರು ಕಾಯಿಸುವ ಹೀಟರಿಗಲ್ಲ. ಎಲ್ಲ ಯೋಜನೆಗಳೂ ಹೊಸದನ್ನು ಅಳವಡಿಸುವುದಕ್ಕೆ ಹಣ ಕೊಡುತ್ತವೆ, ಇರುವುದನ್ನು ಸರಿಪಡಿಸುವುದಕ್ಕಲ್ಲ.

ಆಗಬೇಕಾದುದೇನು?

ಇದಕ್ಕೆ ಹೊಸ ಇಲಾಖೆಯನ್ನೇನೂ ಹುಟ್ಟುಹಾಕಬೇಕಿಲ್ಲ. ಐಟಿಐಗಳಲ್ಲಿ ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿದ್ದಾರೆ. ಮೀಟರಿನ ಹೆಸರು ಬದಲಾವಣೆ, ಹೆಚ್ಚುವರಿ ಲೋಡ್ ಮಂಜೂರಾತಿ ಮುಂತಾದ ಸಂದರ್ಭಗಳಲ್ಲಿ ಅರ್ತಿಂಗ್ ಮತ್ತು ಆರ್‌ಸಿಸಿಬಿ ಪರೀಕ್ಷೆಯ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಬಹುದು. ಅನಿಲ ವಿತರಕರು ಒಲೆ ಮತ್ತು ರೆಗ್ಯುಲೇಟರ್ ನೋಡಲು ಬಂದಾಗ ಗೀಸರ್ ಎಲ್ಲಿದೆ ಎಂಬುದನ್ನೂ ದಾಖಲಿಸಬಹುದು. ಬಾಡಿಗೆ ಕರಾರಿನಲ್ಲಿ ಗೀಸರ್ ಮತ್ತು ಅರ್ತಿಂಗ್ ಎರಡರ ಪರೀಕ್ಷೆಯನ್ನೂ ಒಬ್ಬರ ಹೊಣೆಗೇ ಬರೆಯಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿದಾಗ ಗೃಹೋಪಯೋಗಿ ಉಪಕರಣಗಳನ್ನೂ ಪರಿಗಣಿಸಿತ್ತು. ಹಳೆಯ ಮಾದರಿಯ ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ ಎಂಬ ಉತ್ತರಕ್ಕೆ ಕಡಿವಾಣ ಬೀಳಬೇಕಾದುದು ಇಲ್ಲಿಯೇ.

ಮನೆಯವರು ಮಾಡಬೇಕಾದುದು ಹೆಚ್ಚೇನಿಲ್ಲ. ವರ್ಷಕ್ಕೊಮ್ಮೆ ಹೆಕ್ಕಳಿಕೆ ತೆಗೆಸುವುದು, ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಮೆಗ್ನೀಶಿಯಂ ಸರಳು ಸವೆದಿದ್ದರೆ ಬದಲಿಸುವುದು, ಒತ್ತಡ ಬಿಡುಗಡೆಯ ಕವಾಟ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು, ಸ್ನಾನಕ್ಕೆ ಮೊದಲು ಗೀಸರ್ ಸ್ವಿಚ್ ಆರಿಸುವುದು, ಮುಚ್ಚಿದ ಗವಾಕ್ಷಿಯನ್ನು ತೆರೆಸುವುದು. ಕಾಯಿಲು ಮತ್ತು ಥರ್ಮೋಸ್ಟಾಟ್ ಬದಲಿಸುವ ಖರ್ಚು ಹೊಸ ಗೀಸರಿನ ಬೆಲೆಗಿಂತ ಬಹಳ ಕಡಿಮೆ. ತೊಟ್ಟಿಯೇ ತೂತಾಗಿದ್ದರೆ ಮಾತ್ರ ದುರಸ್ತಿಯ ಹಟ ಬಿಡಬೇಕು.

ಇವನ್ನೆಲ್ಲ ಯಾವ ದಿನ ಮಾಡಬೇಕೆಂಬ ಚಿಂತೆಯೂ ಬೇಡ. ನಮ್ಮ ಹಿರಿಯರು ಅದಕ್ಕೊಂದು ದಿನವನ್ನು ಗೊತ್ತುಮಾಡಿಯೇ ಇದ್ದಾರೆ. ಚಳಿ ಕಾಲಿಡುವ ಹೊತ್ತಿಗೆ ಬರುವ ನೀರು ತುಂಬುವ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಲ್ಲ ಮೆಕ್ಯಾನಿಕ್ಕರೊಬ್ಬರನ್ನು ಕರೆಸಿ ಗೀಸರಿನ ಹೊದಿಕೆ ಬಿಚ್ಚಿಸಿದರೆ, ಮರುದಿನದ ಅಭ್ಯಂಜನ ನಿಶ್ಚಿಂತೆಯಿಂದ ನಡೆದೀತು.