ಮಳೆಮಾಪಕದ ನೆರೆಯ ಬಡಾವಣೆ

ಪ್ರಕೃತಿ ವಿಕೋಪಗಳನ್ನು ಕುರಿತ ಪುಸ್ತಕಗಳೆಂದರೆ ಸಾಮಾನ್ಯವಾಗಿ ಸಿಗುವುದು ನೀರಿನ ಮಟ್ಟ, ಸತ್ತವರ ಸಂಖ್ಯೆ ಮತ್ತು ಬಿದ್ದ ಮನೆಗಳ ಲೆಕ್ಕವಿಡುವ ಸರ್ಕಾರಿ ವರದಿಗಳು, ಇಲ್ಲವೇ ಬಿರುಗಾಳಿಯ ಚಲನೆಯನ್ನು ವಿವರಿಸುವ ವಿಜ್ಞಾನ ಗ್ರಂಥಗಳು. ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ನಾವಿಕರಿಗಾಗಿ ಪ್ರಕಟಿಸಿದ ಕೈಪಿಡಿ ಈ ಎರಡನೆಯ ಬಗೆಯ ಹಳೆಯ ಮಾದರಿ. ಇವುಗಳಿಗೆ ಹೋಲಿಸಿದರೆ ವಿಕೋಪವನ್ನೇ ನಡುವೆ ಇಟ್ಟುಕೊಂಡ ಗಂಭೀರ ಕಾದಂಬರಿಗಳು ತೀರ ಕಡಿಮೆ. ಇದು ಏಕೆ ಹೀಗೆ ಎಂಬ ಪ್ರಶ್ನೆಯನ್ನು ಕಾದಂಬರಿಕಾರ ಅಮಿತಾವ್ ಘೋಷ್ 2016ರ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ನಲ್ಲಿ ಎತ್ತಿದಾಗ ಅವರಿಗೆ ಮುಖ್ಯ ಸಾಕ್ಷ್ಯವಾಗಿ ಒದಗಿದ್ದು ದೆಹಲಿಯ ಒಂದು ಘಟನೆ.

1978ರ ಮಾರ್ಚ್ 17ರಂದು ಉತ್ತರ ದೆಹಲಿಯ ಮೇಲೆ ಸುಂಟರಗಾಳಿ, ಅಂದರೆ ಗುಡುಗು ಮೋಡದ ತಳದಿಂದ ನೆಲದವರೆಗೆ ಇಳಿದು ಕಿರಿದಾದ ಒಂದೇ ಹಾದಿಯಲ್ಲಿ ಸಿಕ್ಕಿದ್ದನ್ನೆಲ್ಲ ಕಿತ್ತೆಸೆಯುವ ಗಾಳಿಯ ಸುಳಿ, ಹಾದುಹೋಯಿತು. ಆಗ ದೆಹಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಘೋಷ್ ಅದರ ಹಾದಿಯಲ್ಲೇ ಸಿಲುಕಿ ಉಳಿದುಕೊಂಡರು. ಮುಂದೆ ಎಷ್ಟು ಪ್ರಯತ್ನಿಸಿದರೂ ಅದನ್ನು ಯಾವ ಕಾದಂಬರಿಯೊಳಗೂ ಕೂರಿಸಲು ಅವರಿಂದ ಆಗಲಿಲ್ಲ. ಆಧುನಿಕ ಕಾದಂಬರಿ ಸಂಭಾವ್ಯತೆಯ ಮೇಲೆ, ಎಂದರೆ ದಿನನಿತ್ಯ ನಡೆಯಬಹುದಾದುದರ ಮೇಲೆ ಕಟ್ಟಿದ ಪ್ರಕಾರವಾದ್ದರಿಂದ, ಅಪರೂಪದ ವಿಕೋಪ ಅಲ್ಲಿ ಕಟ್ಟುಕಥೆಯಂತೆ ಕಾಣುತ್ತದೆ ಎಂಬುದು ಅವರ ವಾದ. ಸುಂದರಬನದ ಬಿರುಗಾಳಿಯನ್ನು 2004ರ ‘ದಿ ಹಂಗ್ರಿ ಟೈಡ್’ನಲ್ಲಿ ಅವರೇ ಸಮರ್ಥವಾಗಿ ತಂದಿದ್ದಾರೆ ಎನ್ನುವುದನ್ನು ಇಲ್ಲಿ ಮರೆಯುವಂತಿಲ್ಲ.

ಕನ್ನಡದ ಅನುಭವಕ್ಕೆ ಈ ವಾದ ಪೂರ್ತಿ ಒಗ್ಗುವುದಿಲ್ಲ. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ಹೊಳೆ ಉಕ್ಕುವುದು ಅಪರೂಪದ ಸಂಗತಿಯಲ್ಲ, ಆಷಾಢ ಬಂತೆಂದರೆ ಎದುರು ನೋಡುವ ಸಂಗತಿ. 1941ರ ‘ಮರಳಿ ಮಣ್ಣಿಗೆ’ಯಲ್ಲಿ ಶಿವರಾಮ ಕಾರಂತರಿಗೆ ಮಳೆಯನ್ನೂ ಕಡಲಿನ ಅಬ್ಬರವನ್ನೂ ತರಲು ನೆಪ ಬೇಕಾಗಲಿಲ್ಲ. ನಾ. ಡಿಸೋಜರ ‘ದ್ವೀಪ’ ಇನ್ನೂ ಮುಂದೆ ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ಅಂದರೆ ಕಟ್ಟೆಯ ಹಿಂದೆ ಶೇಖರವಾಗಿ ಮೇಲಕ್ಕೆ ಹಬ್ಬುವ ನೀರು, ಸುತ್ತಲೂ ಏರುತ್ತಿರುವಾಗ ಗುಡ್ಡದ ಮೇಲೆ ಉಳಿದುಬಿಟ್ಟ ಒಂದು ಕುಟುಂಬದ ಕಥೆ ಅದು. ಅಲ್ಲಿ ಭಯ ಹುಟ್ಟಿಸುವುದು ಮಳೆಯೊಂದೇ ಅಲ್ಲ. ಪರಿಹಾರದ ಕಡತ ಯಾವ ಮೇಜಿನ ಮೇಲಿದೆ, ನೀರು ಬರುವುದರೊಳಗೆ ಅದು ಮುಂದಕ್ಕೆ ಸರಿದೀತೇ ಎಂಬುದೂ ಅಷ್ಟೇ ಭಯದ ವಿಷಯ. ಇಂಥ ನೆರೆ ಯಾರಿಗೂ ಅನಿರೀಕ್ಷಿತವಲ್ಲ, ಅದು ಮುಂಚಿತವಾಗಿ ನೋಟಿಸು ಕೊಟ್ಟೇ ಬರುತ್ತದೆ. ಗಿರೀಶ ಕಾಸರವಳ್ಳಿ ಇದನ್ನು 2002ರಲ್ಲಿ ಚಲನಚಿತ್ರವಾಗಿಸಿದ ಮೇಲೆ ಕಥೆ ಕನ್ನಡದಾಚೆಗೂ ತಲುಪಿತು.

ಘೋಷ್ ಅವರ ದೆಹಲಿಗೇ ಮರಳಿದರೆ, ನಗರದ ದಕ್ಷಿಣದ ಸರೋಜಿನಿ ನಗರದಲ್ಲಿ ನೆರೆಯನ್ನು ಬರೆಯುವ ತೊಡಕು ಬೇರೆಯೇ. ಹಿಂದೆ ವಿನಯ ನಗರವೆಂಬ ಹೆಸರಿದ್ದ ಈ ಸರ್ಕಾರಿ ವಸತಿಗೃಹಗಳ ಬಡಾವಣೆಯ ನೆರೆಯಲ್ಲೇ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಬಳಿ, ದೆಹಲಿಯ ಮಳೆಯ ಅಧಿಕೃತ ಅಂಕಿ ಹುಟ್ಟುವ ಹವಾಮಾನ ವೀಕ್ಷಣಾಲಯವಿದೆ. ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಅಲ್ಲಿ ದಿನದ ಮಳೆಯೆಂದು ದಾಖಲಿಸುತ್ತಾರೆ. 2023ರ ಜುಲೈ 9ರಂದು ಅದು 153 ಮಿಲಿಮೀಟರ್ ಇತ್ತು. ಆ ವಾರವೇ, ಬಹುಮಟ್ಟಿಗೆ ಮೇಲಿನ ರಾಜ್ಯಗಳ ಮಳೆಯಿಂದ, ಯಮುನೆ 208.66 ಮೀಟರಿಗೆ ಏರಿ 1978ರ ದಾಖಲೆಯನ್ನು ಮುರಿಯಿತು. 2024ರ ಜೂನ್ 28ರಂದು ದಿನದ ಮಳೆ 228.1 ಮಿಲಿಮೀಟರ್. ಇಡೀ ಜೂನ್ ತಿಂಗಳ ಸರಾಸರಿ 74ರ ಆಸುಪಾಸು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಆ ಲೆಕ್ಕದಲ್ಲಿ, ಬಡಾವಣೆಯ ಮಾರುಕಟ್ಟೆಯ ಹಾದಿಬದಿಯಲ್ಲಿ ಬಟ್ಟೆ ಗುಡ್ಡೆ ಹಾಕಿದ ಎರಡು ಚದರ ಮೀಟರಿನ ಒಂದು ಹಲಗೆಯ ಮೇಲೇ ಅಂದು ಸುಮಾರು 456 ಲೀಟರ್ ಸುರಿದಿರಬೇಕು. ಟಾರ್ಪಾಲು ತಡೆಯುವುದು ಮೇಲಿನಿಂದ ಬೀಳುವುದನ್ನು ಮಾತ್ರ, ಹಲಗೆಯ ಕಾಲಿನ ಬುಡದಿಂದ ಏರುವುದನ್ನಲ್ಲ.

ಈ ನೀರು ಹೋಗಬೇಕಾದ ದಾರಿ ಸಮೀಪದ ಕುಶಕ್ ನಾಲೆ ಮತ್ತು ಅದು ಕೂಡಿಕೊಳ್ಳುವ ಬಾರಾಪುಲ್ಲಾ. 2024ರ ಆ ಮಳೆಯ ವೇಳೆಗೆ ನಗರದ ಮಳೆನೀರು ಚರಂಡಿಗಳ ಮಹಾಯೋಜನೆ 1976ರಷ್ಟು ಹಳೆಯದಾಗಿತ್ತು. ಬಡಾವಣೆಯ ತಗ್ಗು ಮನೆಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುವ ಮರುನಿರ್ಮಾಣಕ್ಕಾಗಿ ಮರ ಕಡಿಯುವುದರ ವಿರುದ್ಧ 2018ರಲ್ಲಿ ಜನ ಬೀದಿಗಿಳಿದದ್ದೂ ಈ ಕಥೆಯ ಒಂದು ಅಧ್ಯಾಯವೇ, ಏಕೆಂದರೆ ಮರದ ಬುಡದ ತೆರೆದ ಮಣ್ಣು ಹೀರುವಷ್ಟನ್ನು ಕಾಂಕ್ರೀಟು ಹೀರುವುದಿಲ್ಲ.

ಬಡಾವಣೆಯಲ್ಲಿ ಹೀಗೆ ಮಳೆನೀರು ನಿಲ್ಲುವುದು ಯಾರೂ ನಂಬದಷ್ಟು ಅಪರೂಪವಲ್ಲ, ವರ್ಷವರ್ಷವೂ ಪತ್ರಿಕೆಯ ಒಳಪುಟದಲ್ಲಿ ಬಂದುಹೋಗುವುದರಿಂದ ಯಾರೂ ಗಮನಿಸದಷ್ಟು ಮಾಮೂಲು. ಘೋಷ್ ಗುರುತಿಸಿದ ಅಡ್ಡಿಗೆ ಇದು ನೇರ ವಿರುದ್ಧ, ಆದರೆ ಪರಿಣಾಮ ಒಂದೇ: ಪುಸ್ತಕ ಹುಟ್ಟುವುದಿಲ್ಲ. ‘ದ್ವೀಪ’ವನ್ನು ಬರೆದ ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದರು, ಕಡತ ಹೇಗೆ ಚಲಿಸುತ್ತದೆ, ಹೇಗೆ ನಿಲ್ಲುತ್ತದೆ ಎಂಬುದು ಅವರಿಗೆ ಕೈಯಳತೆಯ ವಿಷಯವಾಗಿತ್ತು. ಸರೋಜಿನಿ ನಗರದ ವಸತಿಗೃಹಗಳಲ್ಲಿ ಇರುವವರೂ ಬಹುಪಾಲು ಅದೇ ವಿದ್ಯೆಯವರೇ, ಆ ಪುಸ್ತಕವನ್ನು ಬರೆಯಬಲ್ಲ ಕನ್ನಡಿಗರು ಅವರಲ್ಲಿದ್ದರೆ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘವೂ ಅವರಿಗೆ ದೂರವಿಲ್ಲ.