ಕಿಟ್ಟಿನೊಳಗಿನ ಕೌದಿ

ಕಳೆದ ಭಾನುವಾರ ಮಗಳು ಒಂದು ವರ್ಕ್‌ಶಾಪಿಗೆ ಹೋಗಿ ಬಂದಳು. ಹಳೇ ಬಟ್ಟೆಯಿಂದ ಹೊಸ ವಸ್ತು ಮಾಡೋದನ್ನು ಕಲಿಸುತ್ತಾರಂತೆ. ಫೀ 1,800 ರೂಪಾಯಿ, ಕಿಟ್ ಸೇರಿ. ಕಿಟ್ ಬಿಚ್ಚಿ ನೋಡಿದರೆ ಅಂಗೈಯಗಲದ ಬಟ್ಟೆ ತುಂಡುಗಳು, ಎಲ್ಲವೂ ಹೊಚ್ಚ ಹೊಸವು! ಥಾನಿನಿಂದ ಕತ್ತರಿಸಿ, ಇಸ್ತ್ರಿ ಮಾಡಿ, ರಿಬ್ಬನ್ ಕಟ್ಟಿಟ್ಟಿದ್ದಾರೆ. "ಇದರಾಗ ಹಳೇದು ಯಾವುದವಾ?" ಅಂದೆ. "ಡಿಸೈನ್ ಹಳೇದು ಪಪ್ಪಾ" ಅಂದಳು.

ಬ್ಯಾಂಕಿನವನಲ್ಲವೇ, ದುಡ್ಡು ಹೋದದ್ದಕ್ಕೆ ಸಿಟ್ಟು ಅಂತ ನೀವು ತಿಳಿಯಬಹುದು. ಅದಲ್ಲ ವಿಷಯ.

ಬಿಜಾಪುರದ ಕಡೆಯವರಿಗೆ ಕೌದಿ ಅಂದರೆ ಏನಂತ ಹೇಳಬೇಕಿಲ್ಲ. ಮಂಗಳೂರು, ಮೈಸೂರು ಕಡೆಯ ಗೆಳೆಯರಿಗಾಗಿ ಹೇಳುತ್ತೇನೆ: ಹಳೇ ಸೀರೆ, ಧೋತರ, ಅಂಗಿ ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಕೈಯಿಂದ ಒತ್ತೊತ್ತಾಗಿ ಹೊಲಿದ ಹೊದಿಕೆ. ಇಲ್ಲಿಯ ಮರಾಠಿಗರ ಗೋಧಡಿ ಇದೇ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ನಡುವಿಗೆ ಬರುವ ಹಾಗೆ ಹೊಲಿಯುತ್ತಾರೆ, ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಇದಕ್ಕೆ ಹಳೇ ಬಟ್ಟೆಯೇ ಬೇಕು. ನೂರು ಸಲ ಒಗೆದ ಹತ್ತಿ ಸೀರೆ ಕುಗ್ಗೋದೆಲ್ಲ ಕುಗ್ಗಿ ಆಗಿರುತ್ತದೆ, ಬಿಡೋ ಬಣ್ಣವನ್ನೂ ಬಿಟ್ಟಿರುತ್ತದೆ. ನಾಲ್ಕು ಪದರವಿದ್ದರೂ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ತುಂಡುಗಳನ್ನು ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಒಂದೊಂದು ಒಂದೊಂದು ಅಳತೆಗೆ ಕುಗ್ಗಿ ಎಲ್ಲಾ ಮುದುಡಿಕೊಳ್ಳುತ್ತದೆ. 1,800 ರೂಪಾಯಿ ತಗೊಂಡವರು ಇದನ್ನು ಹೇಳಲಿಲ್ಲ.

ಗಿಡದ ಕಥೆಯೂ ಇದೇ. ನಮ್ಮ ಆಫೀಸಿನಲ್ಲಿ ಈಗ ಎಲ್ಲರ ಮೇಜಿನ ಮೇಲೂ ಒಂದೊಂದು ಗಿಡದ ಕಿಟ್. ಪುಟ್ಟ ಕುಂಡ, ತೆಂಗಿನ ನಾರಿನ ಪುಡಿಯ ಬಿಲ್ಲೆ, ಚಿಟಿಕೆ ಬೀಜ. ಅರೆ, ಕೊತ್ತಂಬರಿ ಬೀಜ ನಿಮ್ಮ ಮಸಾಲೆ ಡಬ್ಬಿಯಲ್ಲೇ ಇದೆಯಲ್ಲಾ! ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಮಣ್ಣಿಗೆ ಹಾಕಿ, ವಾರ ಹತ್ತು ದಿನ ತಾಳ್ಮೆಯಿಂದ ಕಾಯಿರಿ. ಮೆಂತ್ಯ ಮೂರ್ನಾಲ್ಕು ದಿನಕ್ಕೇ ತಲೆ ಎತ್ತುತ್ತದೆ. ಪುದೀನ ಎಲೆ ಬಿಡಿಸಿಕೊಂಡು ದಂಟು ಬಿಸಾಡುವ ಬದಲು ನೀರಲ್ಲಿ ಇಡಿ, ಬೇರು ಬಿಡುತ್ತದೆ. ಬಸಳೆಗೆ ಬೀಜವೂ ಬೇಡ, ಉಡುಪಿ ಕಡೆಯ ಯಾವ ಮನೆಯಲ್ಲಾದರೂ ಒಂದು ತುಂಡು ಕೇಳಿ ತನ್ನಿ. ಕುಂಡದ ಬದಲು ಎಣ್ಣೆ ಡಬ್ಬಿ, ಆದರೆ ತಳಕ್ಕೆ ನಾಲ್ಕೈದು ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಜುಲೈ ಮಳೆಗೆ ಬೇರು ಕೊಳೆಯುತ್ತದೆ. (ಗ್ರಿಲ್ಲಿನ ಹೊರಗೆ ಮಾತ್ರ ಇಡಬೇಡಿ. ಅದು ಯಾರದಾದರೂ ತಲೆಯ ಮೇಲೆ ಬಿದ್ದೀತು. ಈ ಒಂದು ವಿಷಯದಲ್ಲಿ ನಾನು ಸೊಸೈಟಿ ಕಮಿಟಿಯ ಪಕ್ಷ.)

ಇದೇ ಮುಂಬಯಿಯಲ್ಲಿ ಬಾಂದ್ರಾದ ಡಾ. ಆರ್. ಟಿ. ದೋಶಿ ತಾರಸಿಯ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಕಬ್ಬಿನ ಹಿಪ್ಪೆ ತುಂಬಿ ತರಕಾರಿ ಬೆಳೆದರು. ಆಗಿನ ಪೋರ್ಟ್ ಟ್ರಸ್ಟಿನ ಕ್ಯಾಂಟೀನ್ ತಾರಸಿಯಲ್ಲಿ ಪ್ರೀತಿ ಪಾಟೀಲರು 2002ರಲ್ಲಿ ತೋಟ ಶುರುಮಾಡಿದರು, ಗೊಬ್ಬರ ಅಡುಗೆಮನೆಯ ಕಸದ್ದೇ. ಇವರಿಬ್ಬರೂ ಹಿಡಿದದ್ದು ಊರೆಲ್ಲ ಎಸೆಯುವ ವಸ್ತುವನ್ನು.

ಇನ್ನು "ಮನೆಯಲ್ಲಿ ಬೆಳೆದರೆ ಉಳಿತಾಯ" ಅನ್ನೋ ಮಾತು. ದಯವಿಟ್ಟು ನನಗೆ ಹೇಳಬೇಡಿ. ಮೊದಲ ವರ್ಷ ನಾನೂ ಕಿಟ್ ತಂದವನೇ, ಲೆಕ್ಕ ಬರೆದಿಟ್ಟಿದ್ದೇನೆ: ಖರ್ಚು 640 ರೂಪಾಯಿ, ಟೊಮೇಟೊ 11. ಉಳಿತಾಯಕ್ಕೆ ಫಿಕ್ಸೆಡ್ ಡಿಪಾಸಿಟ್ ಇದೆ.

"ಕಿಟ್ ಇದ್ದರೆ ಶುರುಮಾಡೋದು ಸುಲಭ, ಆಮೇಲೆ ತಾವೇ ಕಲೀತಾರೆ" ಅನ್ನುತ್ತಾಳೆ ನನ್ನ ಹೆಂಡತಿ. ಕೆಲವರು ಕಲಿತಾರು. ನಾನು ನೋಡಿದ ಮಟ್ಟಿಗೆ ಕಿಟ್ ಮುಗಿದಾಗ ಹವ್ಯಾಸವೂ ಮುಗಿಯುತ್ತದೆ, ಮುಂದಿನ ಭಾನುವಾರ ಬೇರೆ ಕಿಟ್. ಮನೆಯಲ್ಲಿ ಏನಿದೆ, ಇದರಿಂದ ಏನಾದೀತು ಅಂತ ತಲೆ ಕೆರೆದುಕೊಳ್ಳೋದೇ ಈ ಕೆಲಸದ ಅರ್ಧ ರುಚಿ. ಆ ಅರ್ಧವನ್ನು ಬೇರೆಯವರು ಮಾಡಿಮುಗಿಸಿ ನಮಗೆ ಮಾರುತ್ತಾರೆ.

ಇಷ್ಟು ಜೋರಾಗಿ ಮಾತಾಡುವವನು ಏನು ಮಾಡಿದ್ದೆ ಅನ್ನೋದನ್ನೂ ಹೇಳಿಬಿಡುತ್ತೇನೆ. 2006ರ ಮಳೆಗಾಲದಲ್ಲಿ ಅವ್ವ ನಮ್ಮ ಡೊಂಬಿವಲಿ ಮನೆಗೆ ಬಂದಿದ್ದಳು. ಎರಡು ದಿನ ಕಿಟಕಿ ನೋಡಿದಳು. ಮೂರನೇ ದಿನ, "ಹಳೇ ಸೀರಿ ಎಲ್ಲಿ ಇಟ್ಟೀರಪಾ? ಸುಮ್ನ ಕುಂತು ಬ್ಯಾಸರ, ಕೂಸಿಗೆ ಒಂದು ಕೌದಿ ಹೊಲಿತೀನಿ" ಅಂದಳು. ಸೀರೆ ಇರಲಿಲ್ಲ. ಮುಂಬಯಿಯಲ್ಲಿ ಎಲ್ಲರೂ ಮಾಡುವ ಹಾಗೆ ನಾವೂ ಹಳೇ ಬಟ್ಟೆಯನ್ನೆಲ್ಲ ಭಾಂಡಿವಾಲಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡಿದ್ದೆವು. ಅದರಲ್ಲಿ ಅವ್ವನೇ ಕೊಟ್ಟ ಎರಡು ಇಳಕಲ್ ಸೀರೆಯೂ ಇದ್ದವು. "ನಿನಗ್ಯಾಕವ್ವಾ ಈ ತ್ರಾಸು, ಹೊಸಾ ಬ್ಲಾಂಕೆಟ್ ತರ್ತೀನಿ" ಅಂದೆ. "ಹಂಗಾರ ಬಿಡಪಾ" ಅಂದಳು. ಮತ್ತೆ ಕೇಳಲಿಲ್ಲ. ಆ ಕೂಸೇ ಮೊನ್ನೆ 1,800 ಕೊಟ್ಟು ಬಂದದ್ದು. ಡಬ್ಬಿಯಲ್ಲಿ ಇವತ್ತಿಗೂ ತೊಗರಿಬೇಳೆ ಇದೆ.

ಮಗಳು ಕಿಟ್ ಪಕ್ಕಕ್ಕಿಟ್ಟಿದ್ದಾಳೆ. ನನ್ನ ಹತ್ತಿ ಅಂಗಿ ಆರು, ಅವರಮ್ಮನ ಸೀರೆ ಎರಡು ಹಾಸಿ ಹೊಲಿಯಲು ಕೂತಿದ್ದೇವೆ. ನನ್ನ ಹೊಲಿಗೆ ಸೊಟ್ಟ. ಮೂಲೆಯ ತ್ರಿಕೋನ ಹೇಗೆ ಮಡಚಬೇಕೋ ಇಬ್ಬರಿಗೂ ತಿಳಿಯುತ್ತಿಲ್ಲ, ಕೇಳೋಣ ಅಂದರೆ ಅವ್ವ ಇಲ್ಲ. ಡೊಂಬಿವಲಿ, ಕಲ್ಯಾಣ ಕಡೆ ಬಲ್ಲವರು ಯಾರಾದರೂ ಇದ್ದರೆ ಭಾನುವಾರ ಬನ್ನಿ. ಚಹಾ ಕೊಡುತ್ತೇವೆ, ಪುದೀನ ನಮ್ಮ ಡಬ್ಬಿಯದೇ.